ಬ್ಯಾಂಕಿಗೆ ಅರಿವು ಇರುವುದಿಲ್ಲ

ಇಳಕಲ್ಲ
22 ಜನವರಿ 2023

ಪದ್ಮಜಾ,

ಇತ್ತ ಕ್ಷೇಮವಿಲ್ಲ. ಅತ್ತ ಹೇಗಿದೆ ಎಂದು ಕೇಳುವ ಮನಸ್ಸೂ ಇಲ್ಲ. ಫೋನಿನಲ್ಲಿ ನಿನ್ನ ನಂಬರು ಬಂದ್ ಮಾಡಿದ್ದೇನೆ, ಅದಕ್ಕೇ ಕಾಗದ. ನಿನ್ನೆ ನಾನು ದೂರು ಹೇಳಲು ಬಂದಾಗ ನಿಮ್ಮ ಮ್ಯಾನೇಜರ್ ಸಾಹೇಬರು ತಮ್ಮ ದಕ್ಷಿಣದ ಕಡೆಯ ಕನ್ನಡದಲ್ಲಿ, "ಏನಿದ್ದರೂ ಬರೆದು ಕೊಡಿ ಮೇಡಂ, ಬಾಯಿಮಾತು ನಡೆಯುವುದಿಲ್ಲ" ಅಂದರಲ್ಲ, ಬರೆದು ಕೊಡುತ್ತಿದ್ದೇನೆ. ನಿನ್ನ ಮನೆಗೆ ಹಾಕಿಲ್ಲ. ಬ್ಯಾಂಕಿನ ವಿಳಾಸಕ್ಕೆ ರಜಿಸ್ಟರ್ ಮಾಡಿದ್ದೇನೆ, ಶಾಖೆಯಲ್ಲಿ ಎಲ್ಲರೂ ಓದಲಿ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿರುವುದೂ ಅದಕ್ಕೇ.

ಡಿಸೆಂಬರ್ ಕೊನೆಯ ವಾರ ನಮ್ಮವ್ವ ಗುರುಸಿದ್ದವ್ವ ನವನಗರದಲ್ಲಿ ಅಣ್ಣನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದಳು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತು. ಸ್ಕ್ಯಾನಿಂಗಿಗೆ ಒಯ್ಯುವಾಗ ಮೈಮೇಲೆ ಲೋಹ ಇರಬಾರದೆಂದು ನರ್ಸು ಕೈಯ ಬಿಲ್ವಾರ, ಸರ, ಕೊರಳಲ್ಲಿದ್ದ ಬೆಳ್ಳಿ ಕರಡಿಗೆ ಎಲ್ಲ ಬಿಚ್ಚಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗಿಟ್ಟಳು. ಕರಡಿಗೆಯೊಳಗೆ ಅವ್ವನ ಇಷ್ಟಲಿಂಗ. ಗೋಡೆಯ ಮೇಲೆ ಬೋರ್ಡು: "ರೋಗಿಗಳ ಬೆಲೆಬಾಳುವ ವಸ್ತುಗಳಿಗೆ ನಾವು ಹೊಣೆಯಲ್ಲ." ನನ್ನ ತಲೆ ಓಡಲಿಲ್ಲ. ಎದುರಿನ ರಸ್ತೆಯಲ್ಲೇ ನಿಮ್ಮ ಬ್ಯಾಂಕು, ಅಲ್ಲಿ ಅವ್ವನ ಮತ್ತು ನನ್ನ ಜಂಟಿ ಹೆಸರಿನ ಲಾಕರು, ಅದನ್ನು ಕೊಡಿಸಿದವಳು ನೀನೇ. ಚೀಲವನ್ನು ಹಾಗೆಯೇ ಒಯ್ದು ಒಳಗಿಟ್ಟು ಬಂದೆ. ಕೊರಳ ಲಿಂಗವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟವಳು ನಮ್ಮ ಬಳಗದಲ್ಲಿ ನಾನೊಬ್ಬಳೇ ಇರಬೇಕು. ಅದರ ಲೆಕ್ಕ ನನಗೂ ಅವ್ವನಿಗೂ ಇದೆ, ನಿನಗೆ ಸಂಬಂಧವಿಲ್ಲ.

ಜನವರಿ ಹನ್ನೆರಡಕ್ಕೆ ಅವ್ವನಿಗೆ ಎಚ್ಚರ ಬಂತು. ಕಣ್ಣು ಬಿಟ್ಟವಳೇ ಕೈಯನ್ನು ಎದೆಯ ಮೇಲೆ ಆಡಿಸಿ, "ನನ್ನ ಲಿಂಗ ಎಲ್ಲೈತಿ?" ಅಂದಳು.

"ಬ್ಯಾಂಕಿನ್ಯಾಗ ಐತಿ ಅವ್ವಾ, ಜ್ವಾಕಿಯಿಂದ ಇಟ್ಟೇನಿ."

"ಬ್ಯಾಂಕಿನ್ಯಾಗ? ಯಾಕ, ಲಿಂಗಕ್ಕ ಬಡ್ಡಿ ಬರತೈತೇನು?"

ಆ ಹೊತ್ತಿಗೂ ಅವಳ ನಾಲಿಗೆ ಅಷ್ಟು ಚುರುಕಾಗಿತ್ತು. ನಾವು ನಕ್ಕೆವು. ಆಮೇಲೆ ನಗು ಬರಲಿಲ್ಲ, ಯಾಕೆಂದರೆ ಅವಳು ನೀರು ಮುಟ್ಟಲಿಲ್ಲ. ಅಂಗೈಯ ಲಿಂಗಕ್ಕೆ ತೋರಿಸದೆ ಅವಳು ಒಂದು ಗುಟುಕು ನೀರನ್ನೂ ಕುಡಿದವಳಲ್ಲ. ಅಣ್ಣ ಇಳಕಲ್ಲಿನ ವಿಜಯಮಹಾಂತೇಶ ಮಠಕ್ಕೆ ಹೋಗಿ ಬೇರೆ ಲಿಂಗ ತಂದ. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ವಾಪಸ್ ಕೊಟ್ಟಳು. "ಇದು ನಂದಲ್ಲ. ನಂದು ತರ್ರಿ" ಅಂದಳು.

ಮರುದಿನ, ಶುಕ್ರವಾರ, ನಾನು ನಿನ್ನ ಟೇಬಲಿನ ಮುಂದೆ ನಿಂತೆ. ನೀನು ಕಂಪ್ಯೂಟರ್ ನೋಡಿ, "ಒಂದನೇ ತಾರೀಖಿನಿಂದ ಲಾಕರ್ ಫ್ರೀಜ್ ಆಗೇದ ಶೈಲಾ. ಹೊಸಾ ಕರಾರಿಗೆ ನಿಮ್ಮಿಬ್ಬರದೂ ಸಹಿ ಆಗಿಲ್ಲ" ಅಂದೆ. ಅವ್ವ ದವಾಖಾನೆಯಲ್ಲಿದ್ದಾಳೆ, ಅವಳದೊಂದು ವಸ್ತು ಬೇಕಾಗಿದೆ, ಅದು ಏನೆಂದರೆ ಎಂದು ನಾನು ಬಾಯಿ ತೆರೆದೆ. ನೀನು ಕೈ ಅಡ್ಡ ಹಿಡಿದೆ. "ಒಳಗೇನದ ಅನ್ನೂದು ನನಗ ಹೇಳಬ್ಯಾಡ. ಅದು ನಮಗ ಗೊತ್ತಾಗಬಾರದು. ನಾಳೆ ಎರಡನೇ ಶನಿವಾರ, ನಾಡದ್ದು ಭಾನುವಾರ. ಸೋಮವಾರ ಬಾ" ಅಂದೆ. ಕೀಲಿಗಳ ಗೊಂಚಲು ನಿನ್ನ ಮುಂದೆಯೇ ಇತ್ತು.

ಶನಿವಾರ ರಾತ್ರಿ ಅವ್ವ ಹೋದಳು. ಹತ್ತಿಯಲ್ಲಿ ನೀರದ್ದಿ ತುಟಿಗೆ ಹಚ್ಚಿದರೆ ಬಾಯಿ ಬಿಗಿಹಿಡಿದಳು. ಸಂಕ್ರಾಂತಿಯ ದಿನ ಗುಡೂರಿನ ಹೊಲದಲ್ಲಿ ಸಮಾಧಿ ಮಾಡಿದೆವು. ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟೆವು. ಅವಳು ಬೇಡ ಎಂದು ಕೊಟ್ಟ ಆ ಲಿಂಗವನ್ನೇ ಇಟ್ಟೆವು.

ಮೊನ್ನೆ ಅವ್ವನ ಶಿವಗಣಾರಾಧನೆಗೆ ನೀನು ಬಂದೆ. ಫೋಟೋಕ್ಕೆ ಹೂವು ಹಾಕಿ, ಪಂಕ್ತಿಯಲ್ಲಿ ಕೂತು ಉಂಡು ಹೋದೆ. ನಿನಗೆ ಅನ್ನ ಇಳಿಯಿತಲ್ಲ, ಅದನ್ನು ನೋಡಿ ನನ್ನ ಮೈಯೆಲ್ಲ ಉರಿಯಿತು.

ದುಡ್ಡು ಬೇಡ. ಕೊಡಬೇಕಾದಾಗ ಕೊಡಲಿಲ್ಲ ಎಂದು ನಿಮ್ಮ ಬ್ಯಾಂಕು ಒಂದು ಸಾಲು ಬರೆದುಕೊಡಲಿ. ಅಷ್ಟೇ ಬೇಕು.

ಶೈಲಾ

---

ಶಾಖಾ ಕಚೇರಿ, ನವನಗರ, ಬಾಗಲಕೋಟೆ
ದಿನಾಂಕ: 2 ಫೆಬ್ರವರಿ 2023

ಮಾನ್ಯರೇ,

ವಿಷಯ: ಸುರಕ್ಷಿತ ಠೇವಣಿ ಲಾಕರ್ ಸೌಲಭ್ಯದ ಬಗ್ಗೆ ತಮ್ಮ ದೂರು.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ನವೀಕೃತ ಕರಾರಿಗೆ ಸಹಿ ಮಾಡುವಂತೆ ತಮಗೆ ಮೂರು ಬಾರಿ ಎಸ್ಸೆಮ್ಮೆಸ್ ಮೂಲಕ ಸೂಚಿಸಲಾಗಿತ್ತು. ಕರಾರಿನ ಪ್ರಕಾರ ಬ್ಯಾಂಕು ಹಾಗೂ ಬಾಡಿಗೆದಾರರ ಸಂಬಂಧವು ಜಾಗದ ಬಾಡಿಗೆಗೆ ಮಾತ್ರ ಸೀಮಿತವಾಗಿದ್ದು, ಲಾಕರಿನಲ್ಲಿರುವ ವಸ್ತುಗಳ ಬಗ್ಗೆ ಬ್ಯಾಂಕಿಗೆ ಯಾವುದೇ ಅರಿವು ಇರುವುದಿಲ್ಲ. ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಒಳಗಿನ ವಸ್ತುಗಳಿಗೆ ಹಾನಿಯಾದಲ್ಲಿ ಮಾತ್ರ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಮೀರದಂತೆ ಪರಿಹಾರಕ್ಕೆ ಅವಕಾಶವಿದೆ. ರಜಾದಿನ, ತಾಂತ್ರಿಕ ತಡೆ ಅಥವಾ ಬ್ಯಾಂಕಿನ ನಿಯಂತ್ರಣಕ್ಕೆ ಮೀರಿದ ಕಾರಣಗಳಿಂದ ಲಾಕರ್ ಬಳಕೆಗೆ ಲಭ್ಯವಾಗದಿದ್ದಲ್ಲಿ ಬ್ಯಾಂಕು ಹೊಣೆಯಾಗಿರುವುದಿಲ್ಲ.

ಸದರಿ ಪ್ರಕರಣದಲ್ಲಿ ವಸ್ತುಗಳಿಗೆ ಯಾವುದೇ ಹಾನಿಯಾಗಿರುವುದಿಲ್ಲವಾದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ. ಜಂಟಿ ಬಾಡಿಗೆದಾರರ ನಿಧನಕ್ಕೆ ಬ್ಯಾಂಕು ಸಂತಾಪ ಸೂಚಿಸುತ್ತದೆ.

ತಮ್ಮ ವಿಶ್ವಾಸಿ,
ಶಾಖಾ ವ್ಯವಸ್ಥಾಪಕರ ಪರವಾಗಿ
ಪದ್ಮಜಾ ಪಂ. ಕುಲಕರ್ಣಿ
ಅಧಿಕಾರಿ

---

ಇಳಕಲ್ಲ
9 ಫೆಬ್ರವರಿ 2023

ತಮ್ಮ ವಿಶ್ವಾಸಿಯವರೇ,

ಓದಿದೆ. ನನ್ನ ಅಂಗಡಿಯಲ್ಲಿ ಗಿರಾಕಿಗಳು ಸೀರೆಗಳ ಮಡಿಕೆ ಬಿಚ್ಚಿಸಿಕೊಂಡು ಕೂತಿದ್ದರು, ಅವರ ಎದುರಿಗೇ ಗಟ್ಟಿಯಾಗಿ ಓದಿದೆ. "ಜಂಟಿ ಬಾಡಿಗೆದಾರರ ನಿಧನಕ್ಕೆ" ಅನ್ನುವಲ್ಲಿಗೆ ಬಂದಾಗ ಒಬ್ಬ ಮುದುಕಿ ಯಾರದು ಎಂದು ಕೇಳಿದಳು. ನಮ್ಮವ್ವ ಅಂದೆ. ಹಳೇ ಬಾಗಲಕೋಟೆಯ ನಮ್ಮ ಓಣಿಯಲ್ಲಿ ನಿನ್ನ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದ ಗುರುಸಿದ್ದವ್ವ ಈಗ ನಿನಗೆ ಜಂಟಿ ಬಾಡಿಗೆದಾರಳು.

ಆ ಒಂದು ಸಾಲನ್ನು ನೋಡಿದಾಗಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. "ಬ್ಯಾಂಕಿಗೆ ಯಾವುದೇ ಅರಿವು ಇರುವುದಿಲ್ಲ." ಇದನ್ನು ಕನ್ನಡಕ್ಕೆ ತಂದ ಪುಣ್ಯಾತ್ಮ ಯಾರು? ಮಾಹಿತಿ ಇರುವುದಿಲ್ಲ ಅನ್ನಬಹುದಿತ್ತು, ಗೊತ್ತಿರುವುದಿಲ್ಲ ಅನ್ನಬಹುದಿತ್ತು. ಅರಿವು ಅನ್ನುವ ಶಬ್ದವನ್ನೇ ಹುಡುಕಿ ತಂದು ಹಾಕಿದ್ದಾನೆ. ಲಿಂಗವೇ ಅರಿವಿನ ಕುರುಹು ಅನ್ನುವ ನಮ್ಮ ಮನೆಯಲ್ಲಿ ಆ ಶಬ್ದವನ್ನು ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ, ನಿನಗೆ ಗೊತ್ತು. ಅವ್ವನಿಗೆ ಓದು ಬರಹ ಅಷ್ಟಕ್ಕಷ್ಟೇ. ಯಾರಾದರೂ ತಪ್ಪು ಮಾಡಿದರೆ ಅವಳು ಬಯ್ಯುತ್ತಿದ್ದುದು, "ಅರವು ಇಲ್ಲೇನು ನಿನಗ?" ಎಂದು. ಅದಕ್ಕಿಂತ ದೊಡ್ಡ ಬೈಗುಳ ಅವಳ ಬಳಿ ಇರಲಿಲ್ಲ. ನೀವು ಅದನ್ನು ನೀವಾಗಿಯೇ ಅಚ್ಚು ಹಾಕಿಸಿ, ಸ್ಟಾಂಪ್ ಕಾಗದದ ಮೇಲೆ ನಮ್ಮಿಂದ ಸಹಿ ಮಾಡಿಸಿಕೊಳ್ಳುತ್ತೀರಿ. ನಮಗೆ ಅರಿವಿಲ್ಲ, ಅದಕ್ಕೆ ನೀವು ಒಪ್ಪಿಗೆ ಕೊಡಿ ಎಂದು.

ಇನ್ನೊಂದು ತಮಾಷೆ. ವಸ್ತುಗಳಿಗೆ ಹಾನಿಯಾಗಿಲ್ಲ, ಆದ್ದರಿಂದ ದೂರು ಮುಗಿಯಿತು. ಖರೆ, ಪೆಟ್ಟಿಗೆಯೊಳಗಿನದಕ್ಕೆ ಏನೂ ಆಗಿಲ್ಲ. ಹಾನಿ ಆದದ್ದು ಪೆಟ್ಟಿಗೆಯ ಹೊರಗೆ ಮಲಗಿದ್ದವಳಿಗೆ. ಅದನ್ನು ಯಾವ ಕಲಮಿನಲ್ಲಿ ಹಾಕಿದ್ದೀರಿ? ನಾನು ಹೊಸ ಕರಾರನ್ನು ಪೂರ್ತಿ ಓದಿದ್ದೇನೆ. ಭೂಕಂಪ ಇದೆ, ಪ್ರವಾಹ ಇದೆ, ಸಿಡಿಲಿದೆ, ದೈವಕೃತ್ಯ ಇದೆ. ಆಣೆಕಟ್ಟಿನ ಹಿನ್ನೀರಿಗೆ ಊರನ್ನೇ ಬಿಟ್ಟುಕೊಟ್ಟು ಬಂದ ನಮಗೆ ಪ್ರವಾಹದ ಪಾಠ ಹೇಳುತ್ತಾರೆ. ಆದರೆ ಬಾಯಾರಿದವಳು ಒಬ್ಬಳು ಎದುರಿನ ದವಾಖಾನೆಯಲ್ಲಿ ಕಾಯುತ್ತಿದ್ದರೆ ಏನು ಮಾಡಬೇಕು ಅನ್ನುವುದು ಎಲ್ಲೂ ಇಲ್ಲ.

ಪೇಪರಿನಲ್ಲಿ ಬಂದದ್ದನ್ನು ನೀನೂ ಓದಿರುತ್ತೀ. ಕರಾರಿನ ಗಡುವು ಡಿಸೆಂಬರಿಗೆ ಮುಂದೆ ಹೋಗಿದೆಯಂತೆ. ಸಹಿ ಆಗಿಲ್ಲವೆಂದು ಬಂದ್ ಮಾಡಿದ ಲಾಕರುಗಳನ್ನು ಕೂಡಲೇ ತೆರೆಯಿರಿ ಎಂದು ರಿಸರ್ವ್ ಬ್ಯಾಂಕು ಹೇಳಿದೆಯಂತೆ. ಅಂದರೆ ಅವತ್ತು ನೀನು ತೋರಿಸಿದ ಆ ನಿಯಮ ಈಗ ಇಲ್ಲವೇ ಇಲ್ಲ. ಬ್ಯಾಂಕಿನ ಗಡುವು ಮುಂದೆ ಹೋಯಿತು. ನಮ್ಮವ್ವನ ಗಡುವನ್ನು ಯಾರೂ ಮುಂದೆ ಹಾಕಲಿಲ್ಲ.

ಶೈಲಾ

---

ನವನಗರ
26 ಫೆಬ್ರವರಿ 2023

ಶೈಲಾ,

ಇದನ್ನು ಮನೆಯಿಂದ ಬರೆಯುತ್ತಿದ್ದೇನೆ, ನನ್ನ ಪೆನ್ನಿನಿಂದ. ಬೈಗುಳಕ್ಕೆ ಉತ್ತರ ಬೇಡವೆಂದು ಇಷ್ಟು ದಿನ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ. ಸಿಟ್ಟು ನಿನಗೊಬ್ಬಳಿಗೇ ಬರುತ್ತದೆ ಎಂದು ತಿಳಿಯಬೇಡ.

ಆ ಪತ್ರ ನನ್ನದಲ್ಲ. ಕಂಪ್ಯೂಟರಿನಲ್ಲಿ ಅಂಥವು ಸಾಲಾಗಿ ಇರುತ್ತವೆ, ಹೆಸರು ತುಂಬಿದರೆ ಮುಗಿಯಿತು. ಸಹಿ ನನ್ನದು, ಅದನ್ನು ಇಲ್ಲವೆನ್ನುವುದಿಲ್ಲ.

ಕೈ ಅಡ್ಡ ಹಿಡಿದೆ ಎಂದು ಬರೆದೆ. ಹಿಡಿದೆ. ಯಾಕೆಂದು ಕೇಳಿದೆಯಾ? ನಮಗೆ ತರಬೇತಿಯಲ್ಲಿ ಮೊದಲು ಕಲಿಸುವುದೇ ಅದು. ಬೇರೆ ಶಾಖೆಯೊಂದರಲ್ಲಿ ನನ್ನ ಜೊತೆಗಿದ್ದವಳು ಗ್ರಾಹಕರೊಬ್ಬರು ಹೇಳಿದ್ದನ್ನು ಸುಮ್ಮನೆ ಕೇಳಿಸಿಕೊಂಡಳು, ಒಳಗೆ ಇಷ್ಟು ತೊಲೆ ಬಂಗಾರ ಇದೆ ಎಂದು. ಮುಂದೊಂದು ದಿನ ಅದು ಇಲ್ಲ ಎಂದು ತಕರಾರು ಬಂದಾಗ, "ಈಕೆಗೆ ಗೊತ್ತಿತ್ತು" ಅನ್ನುವ ಒಂದೇ ಮಾತಿನ ಮೇಲೆ ಅವಳನ್ನು ಸಸ್ಪೆಂಡ್ ಮಾಡಿದರು. ತಿಳಿದರೆ ಹೊಣೆ ಬರುತ್ತದೆ, ಶೈಲಾ. ಅದಕ್ಕೇ ನಾವು ತಿಳಿಯುವುದಿಲ್ಲ. ಬಾಯಿ ತೆರೆದವರ ಮುಂದೆ ಕೈ ಹಿಡಿಯುವುದು ನನಗೆ ಈಗ ಉಸಿರಾಡಿದಷ್ಟು ರೂಢಿ. ಅವತ್ತು ನಿನ್ನ ಮುಖ ನೋಡುವ ಮೊದಲೇ ಕೈ ಎದ್ದಿತ್ತು.

ಆದರೆ ನಿನ್ನನ್ನೂ ಒಂದು ಕೇಳುತ್ತೇನೆ. ಅಂಗಡಿಯಲ್ಲಿ ನೀನು ಗಿರಾಕಿಯೊಡನೆ ಮಾತಾಡಿದರೆ ಕಂಠಿ ಸರ್ಕಲ್ಲಿನವರೆಗೆ ಕೇಳಿಸುತ್ತದೆ. ಅವತ್ತು ನನ್ನ ಕೈ ಸರಿಸಿ, "ಒಳಗೆ ಅವ್ವನ ಲಿಂಗ ಐತಿ, ಆಕಿ ನೀರು ಕುಡಿವಲ್ಲಳು" ಎಂದು ಯಾಕೆ ಕೂಗಲಿಲ್ಲ? ಕೂಗಿದ್ದರೆ ಕ್ಯೂನಲ್ಲಿ ನಿಂತವರು ನನ್ನನ್ನೂ ಮ್ಯಾನೇಜರನ್ನೂ ಬಿಡುತ್ತಿದ್ದರೇ? ನೀನು ಕೂಗಲಿಲ್ಲ. ಲಿಂಗವನ್ನು ಬಿಲ್ವಾರದ ಜೊತೆ ಕಟ್ಟಿ ಲಾಕರಿಗೆ ಹಾಕಿದವಳು ಎಂದು ನಾಲ್ಕು ಜನರ ಮುಂದೆ ಗೊತ್ತಾಗುವುದು ನಿನಗೆ ಬೇಡವಾಗಿತ್ತು. ಸುಮ್ಮನೆ ತಿರುಗಿ ಹೋದೆ. ಲಿಂಗದ ವಿಷಯ ನನಗೆ ತಿಳಿದದ್ದು ಆರಾಧನೆಯ ದಿನ, ಪಂಕ್ತಿಯಲ್ಲಿ, ಪಕ್ಕದಲ್ಲಿ ಕೂತವರ ಬಾಯಿಂದ. ಎಲೆಯ ಮೇಲೆ ಅನ್ನ ಬಿದ್ದಾಗಿತ್ತು. ಗುರುಸಿದ್ದವ್ವನ ಮನೆಯ ಎಲೆ ಬಿಟ್ಟು ಎದ್ದವರನ್ನು ನಾನು ಈ ತನಕ ನೋಡಿಲ್ಲ. ಹೇಗೆ ನುಂಗಿದೆ ಎಂದು ನಿನಗೆ ಹೇಳಬೇಕಾಗಿಲ್ಲ.

ನಿನ್ನ ಗಲ್ಲಾಪೆಟ್ಟಿಗೆಯ ಮೇಲೆ ಒಂದು ಬೋರ್ಡು ತೂಗುತ್ತದಲ್ಲ, "ಮಾರಿದ ಮಾಲು ವಾಪಸ್ ಇಲ್ಲ, ಬಣ್ಣಕ್ಕೆ ಗ್ಯಾರಂಟಿ ಇಲ್ಲ" ಎಂದು? ನಮ್ಮಮ್ಮನ ತಂಗಿ, ರಮಾಬಾಯಿ ಮೌಶಿ, ನಿನ್ನಲ್ಲಿ ತಂದ ದಾಳಿಂಬರ ಬಣ್ಣದ ಸೀರೆ ಮೊದಲ ಒಗೆತಕ್ಕೇ ಬಿಟ್ಟಿತು. ತಿರುಗಿ ತಂದಾಗ ನೀನು ಬೋರ್ಡಿನ ಕಡೆ ಬೆರಳು ತೋರಿಸಿದೆ. ಆಕೆ ಈಗಲೂ ಅದನ್ನು ಹೇಳಿಕೊಂಡು ಅಳುತ್ತಾಳೆ. ನಿನ್ನ ಹೊಣೆ ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ನೀನೂ ಗೋಡೆಗೆ ಬರೆದೇ ಇಟ್ಟಿದ್ದೀ.

ಪದ್ಮಜಾ

---

ಇಳಕಲ್ಲ
19 ಮಾರ್ಚ್ 2023

ಪದ್ಮಜಾ,

ಹೌದು, ನಾಚಿದೆ. ಕ್ಯೂನಲ್ಲಿ ಹುನಗುಂದದ ನಮ್ಮ ಬೀಗರು ನಿಂತಿದ್ದರು. ಅವರ ಎದುರು ಅನ್ನಲಾಗಲಿಲ್ಲ. ಅದನ್ನು ನೆನೆದರೆ ನನಗೆ ನನ್ನ ಮುಖಕ್ಕೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಆದರೆ ನಿನಗೆ ಕಿವಿಯಲ್ಲಿ ಹೇಳಲೆಂದು ಬಗ್ಗಿದ್ದೆ. ಬಗ್ಗಿದವಳ ಮುಂದೆ ಕೈ ಬಂತು. ಗೆಳತಿಯ ಬಾಯಿಂದ ಒಂದು ಮಾತು ಕೇಳಿಸಿಕೊಳ್ಳಲು ಇಷ್ಟು ಹೆದರಿಕೆ ಇರುವವಳು ಆ ಕುರ್ಚಿಯಲ್ಲಿ ಯಾಕೆ ಕೂತಿದ್ದೀ?

ಬೋರ್ಡಿನ ಮಾತು ಚುಚ್ಚಿತು. ಚುಚ್ಚಲಿ ಎಂದೇ ಬರೆದಿದ್ದೀ. ಅದನ್ನು ಇಳಿಸಿದ್ದೇನೆ. ರಮಾಬಾಯಿಯವರಿಗೆ ಬೇರೆ ಸೀರೆ ಕಳಿಸಿದ್ದೇನೆ, ಅವರು ಉಡುವ ಅಳತೆಯದ್ದು. ಪಕ್ಕದ ಅಂಗಡಿಯ ನೀಲಪ್ಪ ನಕ್ಕ. "ಅಕ್ಕಾರ, ನಾಳಿಂದ ಇಡೀ ಜಿಲ್ಲಾದ ಹಳೇ ಸೀರಿ ನಿಮ್ಮ ಅಂಗಡ್ಯಾಗ ಬರ್ತಾವ ನೋಡ್ರಿ" ಅಂದ. ಬರಲಿ. ಬಂದವರ ಮುಖ ನೋಡಿಯಾದರೂ ಮಾತಾಡುತ್ತೇನೆ.

ಈಗ ನಿಮ್ಮ ಕಡೆಯದು ಕೇಳು. ಹೋದ ವಾರ ನಾನೂ ಅಣ್ಣನೂ ಲಾಕರ್ ತೆಗೆಸಲು ಬಂದಿದ್ದೆವು. ನೀನು ರಜೆಯಲ್ಲಿದ್ದೆ. ಅವ್ವನ ಮರಣ ಪತ್ರ ಕೊಟ್ಟೆ, ಕೀಲಿ ಕೊಟ್ಟೆ. ಸಾಹೇಬರು ಮುಂದೆ ಒಂದು ಅಚ್ಚಾದ ಹಾಳೆ ಇಟ್ಟರು. ಜಂಟಿ ಬಾಡಿಗೆದಾರರು ತೀರಿದರೆ ಉಳಿದವರು ಕೊಡಬೇಕಾದ ಖುಲಾಸೆ ಪತ್ರವಂತೆ. "ವಸ್ತುಗಳನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ. ಬ್ಯಾಂಕಿನ ಸೇವೆಯ ಬಗ್ಗೆ ನನ್ನದು ಯಾವುದೇ ತಕರಾರು ಇರುವುದಿಲ್ಲ." ಇದಕ್ಕೆ ಸಹಿ ಮಾಡಿದರೆ ಒಳಗೆ ಬಿಡುತ್ತಾರೆ, ಇಲ್ಲದಿದ್ದರೆ ಇಲ್ಲ.

ಅಣ್ಣ, "ಮಾಡಿಬಿಡ ಶೈಲಾ, ಲಿಂಗ ಮನಿಗೆ ಬರಲಿ. ಹಾಳಿಮ್ಯಾಲಿನ ಮಾತು ಯಾರು ನೋಡತಾರ?" ಅಂದ. ನಾನು ನೋಡುತ್ತೇನೆ ಅಂದೆ. ನನ್ನ ತಕರಾರು ಇಲ್ಲ ಎಂದು ನನ್ನ ಕೈಯಿಂದಲೇ ಬರೆಸಿಕೊಂಡು, ಅವ್ವನ ಲಿಂಗವನ್ನು ನನಗೆ ಉಪಕಾರ ಮಾಡಿದಂತೆ ಕೊಡುತ್ತಾರೆ. ಲಿಂಗ ಇನ್ನೂ ನಿಮ್ಮಲ್ಲೇ ಇದೆ. ಅದಕ್ಕೆ ನೀರು ಹಾಕುವವರಿಲ್ಲ, ವಿಭೂತಿ ಹಚ್ಚುವವರಿಲ್ಲ. ಅದನ್ನು ನೆನೆದು ಅಂಗಡಿಯಲ್ಲಿ ಕೂತು ಅತ್ತೆ. ಅತ್ತ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. ಸಹಿ ಮಾಡುವುದಿಲ್ಲ.

ಶೈಲಾ

---

ನವನಗರ
30 ಏಪ್ರಿಲ್ 2023

ಶೈಲಾ,

ರಮಾಮೌಶಿಗೆ ಸೀರೆ ತಲುಪಿತು. ಉಟ್ಟುಕೊಂಡು ನಮ್ಮ ಮನೆಗೆ ಬಂದಿದ್ದಳು. ಅದಕ್ಕೆ ಉಪಕಾರ ಎಂದು ಬರೆಯುವ ಹಕ್ಕು ನನಗಿಲ್ಲ, ಆದರೂ ತಿಳಿಸಿದೆ.

ನಿನ್ನ ಪರವಾಗಿ ಮಾತಾಡಿದೆ. ಮೇಲಿನ ಕಚೇರಿಗೆ ಎರಡು ಸಲ ಕೇಳಿದೆ, ಖುಲಾಸೆ ಪತ್ರದ ಆ ಎರಡನೆಯ ಸಾಲನ್ನು ಬಿಟ್ಟು ಕೊಡಬಹುದೇ ಎಂದು. ಫಾರ್ಮು ಬದಲಾಗುವುದಿಲ್ಲ ಎಂದರು. ಸಾಹೇಬರು, "ಕುಲಕರ್ಣಿ ಮೇಡಂ, ನೀವು ಬ್ಯಾಂಕಿನ ಕಡೆಯವರೋ ಅವರ ಕಡೆಯವರೋ?" ಎಂದು ಸ್ಟಾಫಿನ ಎದುರೇ ಕೇಳಿದರು. ಅವರ ಮೇಲೆ ಬಂದ ಸಿಟ್ಟನ್ನು ಮನೆಗೆ ತಂದು ಮಗ ವಿಕಾಸನ ಮೇಲೆ ತೀರಿಸಿದೆ.

ಜೂನಿನಲ್ಲಿ ನನಗೆ ಬದಾಮಿಗೆ ವರ್ಗ. ಆಮೇಲೆ ಇಲ್ಲಿ ಯಾರಿರುತ್ತಾರೋ ಗೊತ್ತಿಲ್ಲ. ಮೇ ಹದಿನೈದು ಸೋಮವಾರ ಲಾಕರಿನ ಕೆಲಸ ನನ್ನದು. ಅಣ್ಣನನ್ನು ಕರೆದುಕೊಂಡು ಬಾ. ಏನು ಮಾಡುವುದೋ ನನಗೂ ತಿಳಿಯದು, ಆದರೆ ಬಾ.

ಪದ್ಮಜಾ

---

ಇಳಕಲ್ಲ
21 ಮೇ 2023

ಪದ್ಮಜಾ,

ಸೋಮವಾರ ನಡೆದದ್ದನ್ನು ನಾನು ಕಂಡಂತೆ ಬರೆದಿಡುತ್ತೇನೆ. ಮುಂದೆ ಬೇಕಾಗುತ್ತದೆ, ನಿನಗೂ ನನಗೂ.

ಲಾಕರಿನ ಕೋಣೆಯಲ್ಲಿ ನಾನು, ಅಣ್ಣ, ನೀನು, ನಿಮ್ಮ ಸಾಹೇಬರು. ಈ ಸಲ ಪಟ್ಟಿ ಮೊದಲು, ಸಹಿ ಆಮೇಲೆ ಎಂದು ನೀನು ಸಾಹೇಬರನ್ನು ಒಪ್ಪಿಸಿದ್ದೆ. ಚೀಲ ಹೊರಗೆ ಬಂತು. ಸಾಹೇಬರು ಒಂದೊಂದಾಗಿ ಹೇಳುತ್ತ ಹೋದರು, ನೀನು ಪಟ್ಟಿ ಮಾಡುತ್ತಿದ್ದೆ. ಬಿಲ್ವಾರ ಆಯಿತು, ಸರ ಆಯಿತು. ಕರಡಿಗೆಯ ಹತ್ತಿರ ಬಂದಾಗ ತೆರೆದು ತೋರಿಸಿ ಅಂದರು. ಅಣ್ಣ ಕೈ ತೊಳೆದು ಬಂದು ತೆರೆದ. "ಬೆಳ್ಳಿ ಡಬ್ಬಿ ಒಂದು. ಒಳಗೆ ಕಪ್ಪು ಕಲ್ಲು ಒಂದು, ಬೆಲೆ ಇಲ್ಲ" ಅಂದರು ಸಾಹೇಬರು. ನಾನು ಅವರ ಮೇಲೆ ಏರಿಹೋಗುವವಳೇ ಇದ್ದೆ. ಅಷ್ಟರಲ್ಲಿ ನೀನು, "ಕಲ್ಲಲ್ರಿ ಸರ್. ಗುರುಸಿದ್ದವ್ವ ಅವರ ಇಷ್ಟಲಿಂಗ. ಹಂಗ ಬರೀತೇನಿ" ಅಂದು ಬರೆದೆ. ಜನವರಿಯಲ್ಲಿ ನಾನು ಹೇಳಬೇಕೆಂದಿದ್ದ ಮಾತು ಅದು. ಮೇ ತಿಂಗಳಲ್ಲಿ ನಿನ್ನ ಬಾಯಿಂದ ಕೇಳಿದೆ. ಸಂತೋಷವಾಗಲಿಲ್ಲ.

ಆಮೇಲೆ ಆ ಖುಲಾಸೆ ಪತ್ರ. ನಾನು ಪೆನ್ನು ತೆಗೆದುಕೊಂಡು ಎರಡನೆಯ ಸಾಲನ್ನು ಪೂರ್ತಿ ಹೊಡೆದುಹಾಕಿದೆ. ಮೊದಲನೆಯದರಲ್ಲಿ "ಸುಸ್ಥಿತಿಯಲ್ಲಿ" ಆದ ಮೇಲೆ ಗೆರೆಯ ಮೇಲೆ ಒಂದು ಶಬ್ದ ಸೇರಿಸಿದೆ: ತಡವಾಗಿ. ವಸ್ತುಗಳನ್ನು ಸುಸ್ಥಿತಿಯಲ್ಲಿ ತಡವಾಗಿ ಪಡೆದಿದ್ದೇನೆ. ಸಹಿ ಮಾಡಿ ಮುಂದೆ ಸರಿಸಿದೆ.

"ತಿದ್ದಿದ ಫಾರ್ಮು ನಡೆಯುವುದಿಲ್ಲ. ಹೊಸದು ಕೊಡುತ್ತೇನೆ" ಅಂದರು ಸಾಹೇಬರು.

"ನಡೀತದ ಸರ್" ಅಂದೆ ನೀನು. "ಚೆಕ್ಕಿನ ಮ್ಯಾಲೆ ತಿದ್ದಿದ್ರ ಗಿರಾಕಿ ಪೂರ್ತಿ ಸಹಿ ಮಾಡ್ತಾರ. ನಮ್ಮ ಫಾರ್ಮಿನ ಮ್ಯಾಲೆ ತಿದ್ದಿದ್ರ ಅಧಿಕಾರಿ ಪೂರ್ತಿ ಸಹಿ ಮಾಡಿದ್ರಾತು."

"ಯಾರು ಮಾಡುತ್ತಾರೆ ಅದನ್ನು? ನಾನಂತೂ ಮಾಡುವುದಿಲ್ಲ."

ನೀನು ಪೆನ್ನು ತೆಗೆದುಕೊಂಡೆ. ಹೊಡೆದ ಸಾಲಿನ ಪಕ್ಕ ಒಂದು ಸಹಿ, ಆ ಶಬ್ದದ ಪಕ್ಕ ಒಂದು, ಪೂರ್ತಿ ಹೆಸರು, ನೌಕರಿಯ ನಂಬರು, ತಾರೀಖು ಹಾಕಿದೆ. ನಕಲಿಗೆ ಬ್ಯಾಂಕಿನ ಸೀಲು ಒತ್ತಿ ನನ್ನ ಕೈಗೆ ಕೊಟ್ಟೆ. ಸಾಹೇಬರು ಬಾಗಿಲು ಧಡ್ ಎಂದು ಹಾಕಿಕೊಂಡು ಹೊರಗೆ ಹೋದರು. ಹೊರಗೆ ಬಂದು ಅಣ್ಣ, "ಆಕಿಗೆ ತ್ರಾಸ ಆಕ್ಕೈತಿ ನೋಡು" ಅಂದ.

ಗುರುವಾರ ಗುಡೂರಿಗೆ ಹೋಗಿದ್ದೆವು. ಶಿವಯೋಗಮಂದಿರದ ಕಡೆಯಿಂದ ಬಂದ ಸ್ವಾಮಿಗಳು, ಸಮಾಧಿಯನ್ನು ತೆಗೆಯುವುದು ಬೇಡ, ಮೇಲೆಯೇ ಮೊಳ ಆಳ ತೋಡಿ ಇಡಿರಿ ಎಂದು ಹೇಳಿದರು. ಲಿಂಗಕ್ಕೆ ನೀರೆರೆದು, ವಿಭೂತಿ ಹಚ್ಚಿ ಇಟ್ಟೆವು. ಎಲ್ಲರೂ ಇನ್ನು ಸಮಾಧಾನ ಮಾಡಿಕೋ ಅಂದರು. ಅವ್ವನ ಅಂಗೈಗೂ ಅವಳ ಲಿಂಗಕ್ಕೂ ನಡುವೆ ಅಷ್ಟು ಮಣ್ಣಿದೆ ಪದ್ಮಜಾ. ನನಗೆ ಹೇಗೆ ಸಮಾಧಾನವಾಗಬೇಕು?

ಅದಕ್ಕೇ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಹಾಕುತ್ತಿದ್ದೇನೆ. ವಕೀಲರು ಕಾಗದ ನೋಡಿದರು. ಬ್ಯಾಂಕಿನ ಅಧಿಕಾರಿಯೇ ತಡವಾಯಿತು ಅನ್ನುವುದಕ್ಕೆ ಸಹಿ ಮಾಡಿರುವಾಗ, ಹೊಣೆಯಲ್ಲ ಅನ್ನುವ ಕಲಮುಗಳ ಹಿಂದೆ ಅವರು ಅಡಗುವುದು ಕಷ್ಟ ಎಂದರು. ಮೊದಲ ಎದುರುದಾರರು ನಿಮ್ಮ ಬ್ಯಾಂಕು. ಎರಡನೆಯವಳು ನೀನು, ಯಾಕೆಂದರೆ ಅವತ್ತು ಆ ಟೇಬಲಿನಲ್ಲಿ ಇದ್ದವಳು ನೀನು. ನಿನ್ನ ಹೆಸರು ಬಿಡಬಹುದು ಎಂದು ವಕೀಲರು ಹೇಳಿದರು. ಬಿಡುವುದಿಲ್ಲ ಅಂದೆ. ಆ ಸಹಿಗೆ ನಿನ್ನ ಮೇಲೆ ಗೌರವ ಬಂದಿದೆ, ಸಿಟ್ಟು ಹೋಗಿಲ್ಲ.

ಶೈಲಾ

---

ಬದಾಮಿ
9 ಜುಲೈ 2023

ಶೈಲಾ,

ಆಯೋಗದ ನೋಟೀಸು ಬಂತು. ಹೆಸರು ಬಿಡಬೇಡ. ಬಿಟ್ಟಿದ್ದರೆ ನಾನೇ ಬಂದು ಜಗಳ ಮಾಡುತ್ತಿದ್ದೆ.

ಅದರ ಹಿಂದೆಯೇ ಮೇಲಿನ ಕಚೇರಿಯಿಂದ ಮೆಮೊ ಬಂತು, ಅನುಮತಿಯಿಲ್ಲದೆ ತಿದ್ದುಪಡಿಗೆ ಸಹಿ ಯಾಕೆ ಮಾಡಿದಿರಿ ಎಂದು. ಬಡ್ತಿಯ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರೆ. ಮೊನ್ನೆ ಒಬ್ಬ ದೊಡ್ಡ ಸಾಹೇಬರು ಫೋನು ಮಾಡಿ ಬಹಳ ನಯವಾಗಿ ಮಾತಾಡಿದರು. ನಾನು ಸಹಿ ಮಾಡಿದಾಗ ಆ ಕಾಗದ ತಿದ್ದಿರಲಿಲ್ಲ, ಆಮೇಲೆ ಗ್ರಾಹಕರು ಸೇರಿಸಿಕೊಂಡಿದ್ದಾರೆ ಎಂದು ಒಂದು ಸಾಲು ಬರೆದುಕೊಟ್ಟರೆ ಮೆಮೊ ವಾಪಸ್, ಪಟ್ಟಿಯಲ್ಲಿ ಹೆಸರು ವಾಪಸ್. ಅಂದರೆ ನೀನು ಖೋಟಾ ಮಾಡಿದವಳು ಆಗುತ್ತೀ, ಕೇಸು ಅಲ್ಲಿಗೇ ಬೀಳುತ್ತದೆ. ಬ್ಯಾಂಕನ್ನು ಕಾಯಬೇಕಾದದ್ದು ನಿಮ್ಮ ಹೊಣೆ ಅಂದರು. ಹೊಣೆ ಅನ್ನುವ ಶಬ್ದ ಅವರ ಬಾಯಲ್ಲಿ ಕೇಳಿ ನನಗೆ ಎಂಥ ಸಿಟ್ಟು ಬಂತೆಂದರೆ, ಅವರ ಮಾತು ಮುಗಿಯುವ ಮೊದಲೇ ಫೋನು ಇಟ್ಟೆ.

ಬರೆದುಕೊಟ್ಟಿದ್ದೇನೆ. "ಹೊಡೆದ ಸಾಲು ಹೊಡೆದೇ ಇತ್ತು, ಸೇರಿಸಿದ ಶಬ್ದ ಸೇರಿಯೇ ಇತ್ತು, ಓದಿ ಒಪ್ಪಿ ಸಹಿ ಮಾಡಿದ್ದೇನೆ" ಎಂದು ಬರೆದಿದ್ದೇನೆ. ಸೀಲು ಹಾಕಿದ ನಕಲು ಇದರೊಳಗಿದೆ, ನಿನ್ನ ವಕೀಲರಿಗೆ ಕೊಡು.

ವಿಚಾರಣೆಗೆ ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಬರುತ್ತೇನೆ. ನಿನ್ನ ಪಕ್ಕದಲ್ಲಿ ಕೂಡುವುದಿಲ್ಲ. ಎದುರುದಾರಳ ಜಾಗದಲ್ಲೇ ನಿಲ್ಲುತ್ತೇನೆ. ಬ್ಯಾಂಕಿನ ವಕೀಲರು ಕರಾರನ್ನು ಓದಿ ಮುಗಿಸಲಿ. ಆಮೇಲೆ ನನ್ನನ್ನು ಕೇಳಿದರೆ, ಆದದ್ದನ್ನು ಆದಂತೆ ಹೇಳುತ್ತೇನೆ: ಗುರುಸಿದ್ದವ್ವ ಲಿಂಗ ಕೇಳಿದರು, ನಾನು ಸೋಮವಾರ ಬಾ ಅಂದೆ.

ಪದ್ಮಜಾ